ದೊಡ್ಡ ಅಂಗಡಿ ಬಾಗಿಲು ಹಾಕಿದ ಮೇಲೆ

ನಾಲ್ಕು ಎಕರೆ ಐದು ಗುಂಟೆ ಜಮೀನನ್ನು ಮನಸ್ಸಿಗೆ ತಂದುಕೊಳ್ಳಿ. ಅದರಲ್ಲಿ ರಾಗಿಯೂ ಇಲ್ಲ, ಜೋಳವೂ ಇಲ್ಲ. ಅಷ್ಟಗಲಕ್ಕೂ ಕಾಂಕ್ರೀಟಿನ ನೆಲ, ಮೇಲೆ ಒಂದೇ ಸೂರು, ಸುತ್ತ ಕಿಟಕಿಯಿಲ್ಲದ ಗೋಡೆ. ಅದರ ಮುಂದೆ ಕಾರು ನಿಲ್ಲಿಸಲು ಇನ್ನೂ ಆರು ಎಕರೆಯಷ್ಟು ಡಾಂಬರಿನ ಬಯಲು. ಅಮೆರಿಕದ ಊರುಗಳ ಹೊರವಲಯದಲ್ಲಿ ಹೆದ್ದಾರಿಗೆ ಅಂಟಿಕೊಂಡು ನಿಂತಿರುವ ವಾಲ್‌ಮಾರ್ಟ್ ಸೂಪರ್‌ಸೆಂಟರ್ ಎಂಬ ಅಂಗಡಿಯ ಅಳತೆ ಹೆಚ್ಚುಕಡಿಮೆ ಇಷ್ಟು. ಒಳಗಿನ ವಿಸ್ತೀರ್ಣ ಸುಮಾರು 1,80,000 ಚದರ ಅಡಿ. ಹಾಲು, ಮೊಟ್ಟೆ, ಸೈಕಲ್ಲು, ಸೀರಿಯಲ್ ಬಲ್ಬು, ಔಷಧಿ, ಅಂಗಿ ಎಲ್ಲವೂ ಅಲ್ಲೇ ಸಿಕ್ಕುತ್ತವೆ.

ಇಂಥ ಅಂಗಡಿ ಒಂದು ದಿನ ಬಾಗಿಲು ಹಾಕಿಕೊಂಡು ಹೊರಟುಹೋದರೆ ಆ ಸೂರನ್ನು ಏನು ಮಾಡುವುದು? ಅಮೆರಿಕದಲ್ಲಿ ನೂರಾರು ಊರುಗಳ ಮುಂದೆ ಈ ಪ್ರಶ್ನೆ ಬಂದು ನಿಂತಿದೆ.

ಅವರ ಊರಿನ ಉಸಾಬರಿ ನಮಗೇಕೆ ಎಂದು ನೀವು ಕೇಳಬಹುದು. ಕಾರಣವುಂಟು. ಹೆದ್ದಾರಿ ಹಾದುಹೋದ ಕಡೆಯಲ್ಲೆಲ್ಲ ನಮ್ಮ ರೈತರ ಹೊಲಗಳ ಅಂಚಿಗೆ ಷೋರೂಮು, ಗೋದಾಮು, ಮಾರಾಟ ಮಳಿಗೆಗಳು ಬಂದು ಕುಳಿತಿವೆ. ಕೆಲವರು ಜಮೀನು ಮಾರಿದ್ದಾರೆ, ಕೆಲವರು ದೀರ್ಘಾವಧಿಗೆ ಗುತ್ತಿಗೆ ಕೊಟ್ಟಿದ್ದಾರೆ. ಇತ್ತ ನಗರಗಳಲ್ಲಿ ಕಟ್ಟಿದ ಮಾಲುಗಳೆಲ್ಲ ತುಂಬಿಲ್ಲ. ನೈಟ್ ಫ್ರ್ಯಾಂಕ್ ಸಂಸ್ಥೆಯ ವರದಿಯಂತೆ ದೇಶದ ಎಂಟು ದೊಡ್ಡ ನಗರಗಳಲ್ಲಿ ಮಳಿಗೆಗಳು ಬಹುಪಾಲು ಖಾಲಿಬಿದ್ದ 'ಭೂತ ಮಾಲು'ಗಳ ಸಂಖ್ಯೆ 2022ರಲ್ಲಿ 57 ಇದ್ದದ್ದು 2023ರಲ್ಲಿ 64ಕ್ಕೆ ಏರಿತು. ಆ ಎಂಟರಲ್ಲಿ ಬೆಂಗಳೂರೂ ಒಂದು. ಆದ್ದರಿಂದ ಈ ದಾರಿಯಲ್ಲಿ ಮೊದಲು ನಡೆದವರ ಕಾಲಿಗೆ ಏನೇನು ಚುಚ್ಚಿತು ಎಂದು ತಿಳಿದಿದ್ದರೆ ನಮಗೆ ನಷ್ಟವೇನಿಲ್ಲ.

ಖಾಲಿಯಾಗುವುದು ಏಕೆ?

ವ್ಯಾಪಾರ ಬಿದ್ದುಹೋಗಿ ಅಂಗಡಿ ಮುಚ್ಚುವುದು ಒಂದು ಬಗೆ. ಇದು ಎಲ್ಲರಿಗೂ ಗೊತ್ತು. ಕೆಮಾರ್ಟ್ ಎಂಬ ಕಂಪೆನಿಯ ಕತೆ ಅದೇ. ಕೆಮಾರ್ಟ್, ವಾಲ್‌ಮಾರ್ಟ್, ಟಾರ್ಗೆಟ್ ಈ ಮೂರೂ 1962ರಲ್ಲೇ ಮೊದಲ ಅಂಗಡಿ ತೆರೆದವು. ಒಂದು ಕಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳಿದ್ದ ಕೆಮಾರ್ಟ್ 2002ರಲ್ಲಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಒಂದೊಂದಾಗಿ ಬಾಗಿಲು ಮುಚ್ಚುತ್ತ ಬಂದು, ಅಮೆರಿಕದ ಮುಖ್ಯ ಭೂಭಾಗದಲ್ಲಿ ಉಳಿದಿದ್ದ ಕೊನೆಯ ದೊಡ್ಡ ಅಂಗಡಿಯನ್ನೂ 2024ರ ಅಕ್ಟೋಬರಿನಲ್ಲಿ ಮುಚ್ಚಿತು.

ಇನ್ನೊಂದು ಬಗೆ ವಿಚಿತ್ರವಾದದ್ದು. ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಅಂಗಡಿ ಖಾಲಿಯಾಗುತ್ತದೆ. ಹೇಗೆಂದರೆ, ವಾಲ್‌ಮಾರ್ಟ್ 1988ರಿಂದ ದಿನಸಿಯನ್ನೂ ಸೇರಿಸಿಕೊಂಡ ಸೂಪರ್‌ಸೆಂಟರುಗಳನ್ನು ಕಟ್ಟತೊಡಗಿತು. ಹಳೆಯ ಅಂಗಡಿ ಇದಕ್ಕೆ ಸಾಲದು. ಅದನ್ನು ಒಡೆದು ಹಿಗ್ಗಿಸುವ ಬದಲು ಅದೇ ರಸ್ತೆಯಲ್ಲಿ ಒಂದೆರಡು ಮೈಲಿ ಮುಂದೆ ಹೊಸ ಜಮೀನು ಹಿಡಿದು ಎರಡರಷ್ಟು ದೊಡ್ಡದನ್ನು ಎಬ್ಬಿಸುವುದು ಅದಕ್ಕೆ ಸುಲಭ. ಹಳೆಯ ಕಡೆ ಒಂದು ದಿನವೂ ವ್ಯಾಪಾರ ನಿಲ್ಲುವುದಿಲ್ಲ. ಹೊಸದು ತೆರೆದ ಮಾರನೆಯ ದಿನ ಹಳೆಯದಕ್ಕೆ ಬೀಗ. ಕೆಂಟಕಿ ರಾಜ್ಯದ ಬಾರ್ಡ್ಸ್‌ಟೌನ್ ಎಂಬ ಚಿಕ್ಕ ಊರಿನಲ್ಲಿ ಹೀಗೆ ಎರಡು ಸಲ ಆಯಿತು. ಆ ಊರಿನವರೇ ಆದ ಜೂಲಿಯಾ ಕ್ರಿಸ್ಟೆನ್‌ಸೆನ್ ಎಂಬಾಕೆ ಇದನ್ನು ಕಂಡು ದೇಶವೆಲ್ಲ ತಿರುಗಿ, ಬಿಟ್ಟುಹೋದ ಅಂಗಡಿಗಳನ್ನು ಜನರು ಹೇಗೆ ಬಳಸಿಕೊಂಡಿದ್ದಾರೆಂದು ಬರೆದ ಪುಸ್ತಕ 2008ರಲ್ಲಿ ಹೊರಬಂದಿತು. ಬಾರ್ಡ್ಸ್‌ಟೌನಿನ ಮೊದಲ ಅಂಗಡಿಯನ್ನು ಕೆಡವಿ ಆ ಜಾಗದಲ್ಲಿ ನ್ಯಾಯಾಲಯ ಕಟ್ಟಿದರು.

ಬೀಗ ಬಿದ್ದ ಮೇಲಾದರೂ ಬೇರೆ ವ್ಯಾಪಾರಿ ಬರಬಾರದೇಕೆ? ಇಲ್ಲಿಯೇ ಕರಾರಿನ ಕೈಚಳಕ ಇರುವುದು. ಕಟ್ಟಡ ಕಂಪೆನಿಯ ಸ್ವಂತದ್ದಾಗಿದ್ದರೆ, ಮಾರುವಾಗ ಇಲ್ಲಿ ದಿನಸಿ ಅಂಗಡಿ ನಡೆಸಕೂಡದೆಂದು ಕ್ರಯಪತ್ರದಲ್ಲೇ ಷರತ್ತು ಹಾಕಿ ಮಾರುವುದುಂಟು. ಬಾಡಿಗೆಯದಾಗಿದ್ದರೆ, ಅಂಗಡಿ ಮುಚ್ಚಿದ ಮೇಲೂ ಅವಧಿ ಮುಗಿಯುವ ತನಕ ಬಾಡಿಗೆ ಕಟ್ಟುತ್ತ ಕೀಲಿಕೈಯನ್ನು ತನ್ನಲ್ಲೇ ಇಟ್ಟುಕೊಳ್ಳುವುದುಂಟು. ಎದುರಾಳಿ ಆ ಜಾಗಕ್ಕೆ ಬಾರದಿರಲಿ ಎಂಬುದೇ ಉದ್ದೇಶ. ಮಾಲೀಕನಿಗೆ ಬಾಡಿಗೆ ಬರುತ್ತದೆ, ಅವನಿಗೆ ಚಿಂತೆಯಿಲ್ಲ. ಊರಿಗೆ ಮಾತ್ರ ಅಂಗಡಿಯೂ ಇಲ್ಲ, ಕಟ್ಟಡವೂ ಇಲ್ಲ. ಪೇಟೆಯ ಬೀದಿಯಲ್ಲಿದ್ದ ಸಣ್ಣ ಅಂಗಡಿಗಳು ಅಷ್ಟು ಹೊತ್ತಿಗೆ ದೊಡ್ಡದರ ಪೈಪೋಟಿ ತಡೆಯಲಾರದೆ ಮುಚ್ಚಿರುತ್ತವೆ.

ತೆರಿಗೆಯದು ಇನ್ನೊಂದು ಗೋಳು. ನಡೆಯುತ್ತಿರುವ ಅಂಗಡಿಗೂ ಖಾಲಿ ಬಿದ್ದ ಕಟ್ಟಡದ ಬೆಲೆಯನ್ನೇ ಹಿಡಿದು ಕಂದಾಯ ಹಾಕಬೇಕೆಂದು ಮಿಚಿಗನ್ ಮೊದಲಾದ ರಾಜ್ಯಗಳಲ್ಲಿ ದೊಡ್ಡ ಅಂಗಡಿಗಳವರು ವಾದಿಸಿದ್ದಾರೆ. ಹಲವು ಕಡೆ ಗೆದ್ದೂ ಇದ್ದಾರೆ. ಅಲ್ಲಿ ಊರಿನ ಶಾಲೆ, ರಸ್ತೆ, ಗ್ರಂಥಾಲಯ ನಡೆಯುವುದು ಬಹುಮಟ್ಟಿಗೆ ಈ ಕಂದಾಯದಿಂದಲೇ ಎಂದರೆ ಏಟು ಯಾರಿಗೆ ಬಿತ್ತೆಂದು ಊಹಿಸಿ.

ಅಂಗಡಿಯಲ್ಲಿ ಗ್ರಂಥಾಲಯ

ಈಗ ಒಳ್ಳೆಯ ಸುದ್ದಿಗೆ ಬರೋಣ. ವಾಚನಾಲಯದಲ್ಲಿ ಕುಳಿತು ಇದನ್ನು ಓದುತ್ತಿರುವ ನಿಮಗೆ ಇದು ಹೆಚ್ಚು ಹಿಡಿಸೀತು.

ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಗಡಿಯ ಮಗ್ಗುಲಲ್ಲಿ, ಮೆಕಾಲೆನ್ ಎಂಬ ಊರಿದೆ. ಸುತ್ತಮುತ್ತ ಕಿತ್ತಳೆ ಜಾತಿಯ ಹಣ್ಣು ಮತ್ತು ತರಕಾರಿ ಬೆಳೆಯುವ ನೀರಾವರಿ ಸೀಮೆ. ಅಲ್ಲಿನ ವಾಲ್‌ಮಾರ್ಟ್ ಹೊಸ ಕಟ್ಟಡಕ್ಕೆ ಹೋದಾಗ ಹಳೆಯದನ್ನು ನಗರಸಭೆ ಕೊಂಡುಕೊಂಡಿತು. ಒಳಗಿನ ತಟ್ಟಿ, ತೂಗುಚಾವಣಿಗಳನ್ನೆಲ್ಲ ಕಿತ್ತೆಸೆದು, ಗೋಡೆ ಮತ್ತು ಸೂರಿಗೆ ಬಿಳಿ ಬಣ್ಣ ಬಳಿದು, ಊರಿನ ಮುಖ್ಯ ಗ್ರಂಥಾಲಯವನ್ನು ಅಲ್ಲಿಗೆ ತಂದಿತು. ಅದು ತೆರೆದದ್ದು 2011ರ ಡಿಸೆಂಬರಿನಲ್ಲಿ. ವಿಸ್ತೀರ್ಣ ಸುಮಾರು 1,25,000 ಚದರ ಅಡಿ, ನಮ್ಮ ಲೆಕ್ಕದಲ್ಲಿ ಎರಡು ಎಕರೆ ಮೂವತ್ತೈದು ಗುಂಟೆ. ಒಂದೇ ಅಂತಸ್ತಿನಲ್ಲಿರುವ ಸಾರ್ವಜನಿಕ ಗ್ರಂಥಾಲಯಗಳ ಪೈಕಿ ಅಮೆರಿಕದಲ್ಲಿ ಇದೇ ದೊಡ್ಡದೆಂದು ಹೆಸರಾಯಿತು. ಒಳಾಂಗಣದ ವಿನ್ಯಾಸಕ್ಕೆ 2012ರಲ್ಲಿ ಪ್ರಶಸ್ತಿಯೂ ಬಂದಿತು.

ಬಣ್ಣ ಬಳಿದ ಮಾತ್ರಕ್ಕೆ ಉಗ್ರಾಣ ಗ್ರಂಥಾಲಯವಾಗುವುದಿಲ್ಲ. ಎರಡೂ ಮುಕ್ಕಾಲು ಎಕರೆಗೂ ಮೀರಿದ ಒಂದೇ ಹಜಾರದಲ್ಲಿ ಮನುಷ್ಯನಿಗೆ ದಿಕ್ಕು ತಪ್ಪುತ್ತದೆ. ಇದನ್ನರಿತ ವಾಸ್ತುಶಿಲ್ಪಿಗಳು ಕಟ್ಟಡದ ಉದ್ದಕ್ಕೂ ಬೆನ್ನೆಲುಬಿನ ಹಾಗೆ ಕೆತ್ತನೆಯ ಮರದ ಚಾವಣಿಯೊಂದನ್ನು ಇಳಿಬಿಟ್ಟರು. ಅದಕ್ಕೆ ಅಡ್ಡಲಾಗಿ ಕಿತ್ತಳೆ ಬಣ್ಣದ ಪಟ್ಟಿ ಓಡಿಸಿದರು. ಬಂದವರು ಆ ಮರದ ಚಾವಣಿಯ ಕೆಳಗೆ ನಡೆದರೆ ಸಾಕು, ಮಕ್ಕಳ ವಿಭಾಗ ಎತ್ತ, ದೊಡ್ಡವರದು ಎತ್ತ, ಸಭೆಯ ಕೋಣೆ ಎಲ್ಲಿ ಎಂಬುದು ತಿಳಿಯುತ್ತದೆ. ತೆರೆದ ಮೊದಲ ತಿಂಗಳಿನಲ್ಲೇ ಹೊಸ ಸದಸ್ಯರ ನೋಂದಣಿ ಶೇಕಡಾ 23ರಷ್ಟು ಏರಿತು. ಹಳೆಯ ಗ್ರಂಥಾಲಯಕ್ಕೆ ಎಂದೂ ಕಾಲಿಡದವರು, ಸಾಮಾನು ಕೊಳ್ಳಲು ಬರುತ್ತಿದ್ದ ಅಭ್ಯಾಸದ ದಾರಿಯಲ್ಲೇ ಪುಸ್ತಕಕ್ಕೂ ಬಂದರೆಂದು ನನಗನ್ನಿಸುತ್ತದೆ. ವಾಹನ ನಿಲ್ಲಿಸಲು ಜಾಗ ಹೇಗೂ ಇತ್ತು.

ಮೆಕಾಲೆನ್ ದೊಡ್ಡ ನಗರವಾಯಿತು, ಚಿಕ್ಕ ಊರಿನ ಮಾತೇನು ಎಂದರೆ, ಮಿಸ್ಸೂರಿ ರಾಜ್ಯದ ಲೆಬನನ್ ಎಂಬ ಊರಿದೆ. ಅಲ್ಲಿ ಖಾಲಿ ಬಿದ್ದ ಕೆಮಾರ್ಟ್ ಅಂಗಡಿ ಇಡೀ ಲಕ್ಲೀಡ್ ಕೌಂಟಿಯ ಗ್ರಂಥಾಲಯವಾಯಿತು. ಪುಸ್ತಕಕ್ಕೆ ಅಷ್ಟೊಂದು ಜಾಗ ಬೇಡವೆಂದು, ಊರಿನ ಮೂಲಕ ಹಾದುಹೋಗುತ್ತಿದ್ದ ಹಳೆಯ 66ನೇ ನಂಬರಿನ ಹೆದ್ದಾರಿಯ ನೆನಪಿಗೆ ಒಂದು ವಸ್ತು ಸಂಗ್ರಹಾಲಯವನ್ನು ಅದರೊಳಗೇ ಮಾಡಿದರು. ನೆಬ್ರಾಸ್ಕ ರಾಜ್ಯದ ಹೇಸ್ಟಿಂಗ್ಸ್ ಮೆಕ್ಕೆಜೋಳದ ಸೀಮೆಯ ಊರು. ಅಲ್ಲಿನ ಕೆಮಾರ್ಟ್ ಕಟ್ಟಡದೊಳಕ್ಕೆ ಬಡಮಕ್ಕಳ 'ಹೆಡ್ ಸ್ಟಾರ್ಟ್' ಶಾಲೆ ಬಂದಿತು. ಇದು ನಮ್ಮ ಅಂಗನವಾಡಿಯನ್ನು ಹೋಲುವ, 1965ರಲ್ಲಿ ಆರಂಭವಾದ ಯೋಜನೆ. ಮಿನ್ನೆಸೋಟದ ಆಸ್ಟಿನ್‌ನಲ್ಲಿ ಡಬ್ಬಿ ಮಾಂಸ ತಯಾರಿಸುವ ಕಂಪೆನಿಯೊಂದು ತನ್ನ ಡಬ್ಬಿಯ ಚರಿತ್ರೆಗೇ ಒಂದು ಸಂಗ್ರಹಾಲಯ ಮಾಡಿ, 2001ರಲ್ಲಿ ಅದನ್ನು ಹಳೆಯ ಕೆಮಾರ್ಟಿನಲ್ಲಿ ತೆರೆದಿತ್ತು. ಆಮೇಲೆ 2016ರಲ್ಲಿ ಪೇಟೆಯ ನಡುವಿಗೆ ಸಾಗಿಸಿತು. ಡಬ್ಬಿಯನ್ನು ನೋಡಲು ಜನ ಬರುತ್ತಾರೆಯೇ ಎಂದು ನಗಬೇಡಿ. ಬರುತ್ತಾರೆ.

ನ್ಯಾಷ್‌ವಿಲ್ ನಗರದಲ್ಲಿ 1967ರಲ್ಲಿ ಕಟ್ಟಿದ ಒನ್ ಹಂಡ್ರೆಡ್ ಓಕ್ಸ್ ಎಂಬ ಮಾಲು ಸೊರಗಿದಾಗ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯ ವಿಭಾಗ 2009ರಲ್ಲಿ ಅದರ ಮಹಡಿಗೆ ತನ್ನ ಹೊರರೋಗಿ ಚಿಕಿತ್ಸಾಲಯಗಳನ್ನು ತಂದಿತು. ಕೆಳಗೆ ಅಂಗಡಿ, ಮೇಲೆ ಡಾಕ್ಟರು. ರೋಗಿಯ ಜೊತೆ ಬಂದವರು ಕಾಯುತ್ತ ಕೂರುವ ಬದಲು ಕೆಳಗಿಳಿದು ಸಾಮಾನು ಕೊಳ್ಳಬಹುದು. ಉಳಿದಿದ್ದ ಅಂಗಡಿಗಳಿಗೂ ಇದರಿಂದ ಜೀವ ಬಂದಿತು. ನನ್ನ ಮಟ್ಟಿಗೆ ಈ ಎಲ್ಲ ಪ್ರಯೋಗಗಳಲ್ಲಿ ಹೆಚ್ಚು ಬುದ್ಧಿವಂತಿಕೆಯದು ಇದೇ.

ಗೋಡೆ ಅರ್ಧಕ್ಕೆ ನಿಂತ ಶಾಲೆ

ಎಲ್ಲ ಕಡೆಯೂ ಹೀಗೆ ಸಲೀಸಾಗಿ ಆಗಿಲ್ಲ. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿನ ಪ್ರೌಢಶಾಲೆಯ ಕಟ್ಟಡದಲ್ಲಿ ಪಿ.ಸಿ.ಬಿ. ಎಂಬ ವಿಷ ರಾಸಾಯನಿಕ ಇರುವುದು 2020ರಲ್ಲಿ ಪತ್ತೆಯಾಗಿ ಶಾಲೆಯನ್ನು ಮುಚ್ಚಬೇಕಾಯಿತು. ಪೇಟೆಯ ನಡುವೆ ಮೇಸೀಸ್ ಎಂಬ ದೊಡ್ಡ ಜವಳಿ ಅಂಗಡಿ 2018ರಲ್ಲೇ ಮುಚ್ಚಿ ಖಾಲಿ ಬಿದ್ದಿತ್ತು. ಸುಮಾರು 35 ಲಕ್ಷ ಡಾಲರ್ ಖರ್ಚು ಮಾಡಿ ಕೆಲವೇ ತಿಂಗಳಲ್ಲಿ ಅದನ್ನು ಅಣಿಗೊಳಿಸಿ 2021ರ ಮಾರ್ಚಿನಲ್ಲಿ ಮಕ್ಕಳನ್ನು ಅಲ್ಲಿಗೆ ಕರೆತಂದರು. ಚಲಿಸುವ ಮೆಟ್ಟಿಲೇರಿ ಮಕ್ಕಳು ತರಗತಿಗೆ ಹೋದರು. ಬಟ್ಟೆ ಕಂಪೆನಿಗಳ ಹೆಸರಿನ ಫಲಕಗಳು ಕೆಲವು ಇದ್ದಲ್ಲೇ ಇದ್ದವು. ಪಿಂಗಾಣಿ ಸಾಮಾನು ಇಡುತ್ತಿದ್ದ ದೀಪದ ಗೂಡುಗಳಲ್ಲಿ ಶಾಲೆಯ ಪುಸ್ತಕ ಜೋಡಿಸಿದರು.

ಕಾಯಿಲೆಯ ವರ್ಷದಲ್ಲಿ ಮನೆಯಲ್ಲೇ ಕುಳಿತಿದ್ದ ಮಕ್ಕಳಿಗೆ ಇದೊಂದು ಸಂಭ್ರಮವೇ. ಆದರೆ ಕಿಟಕಿಗಳು ಅಪರೂಪ. ತರಗತಿಗಳ ನಡುವೆ ಎಬ್ಬಿಸಿದ ಗೋಡೆಗಳು ಚಾವಣಿಯ ತನಕ ಮುಟ್ಟಿರಲಿಲ್ಲ. ಪಕ್ಕದ ತರಗತಿಯ ಪಾಠವೆಲ್ಲ ಈಚೆಗೆ ಕೇಳಿಸುತ್ತಿತ್ತು. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿ ನಡೆಯುವ ನಮ್ಮ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಈ ಕಷ್ಟ ಹೇಳಿಕೊಡಬೇಕಾಗಿಲ್ಲ.

ಮನಸ್ಸಿಗೆ ಮುಜುಗರ ತರುವ ಉದಾಹರಣೆಯೂ ಒಂದಿದೆ. ಮೆಕಾಲೆನ್‌ಗೆ ಹತ್ತಿರದ ಬ್ರೌನ್ಸ್‌ವಿಲ್ ಊರಿನಲ್ಲಿ ಸುಮಾರು ಎರಡೂವರೆ ಲಕ್ಷ ಚದರ ಅಡಿಯ ಹಳೆಯ ವಾಲ್‌ಮಾರ್ಟ್ ಕಟ್ಟಡವನ್ನು ಗಡಿ ದಾಟಿ ಬಂದ ಹುಡುಗರನ್ನು ಇರಿಸುವ ಆಶ್ರಯಧಾಮ ಮಾಡಿದರು. 2018ರ ಜೂನ್ ತಿಂಗಳಲ್ಲಿ ಸುಮಾರು ಒಂದೂವರೆ ಸಾವಿರ ಹುಡುಗರು ಅದರೊಳಗಿದ್ದರು. ಒಂದೇ ಅಚ್ಚಿನ ಎರಡು ಕಟ್ಟಡ, ಮಧ್ಯೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಒಂದರಲ್ಲಿ ಮಕ್ಕಳು ತಾವಾಗಿ ಬಂದು ಪುಸ್ತಕ ಹಿಡಿದು ಕೂರುತ್ತಾರೆ. ಇನ್ನೊಂದರಲ್ಲಿ ತಂದೆತಾಯಿಯರಿಂದ ದೂರವಾದವರು ಹೊರಬರುವ ದಿನ ಎಣಿಸುತ್ತಿದ್ದರು.

ಕೆಡವಿ ಕಟ್ಟುವುದು ಮತ್ತೊಂದು ದಾರಿ. ಓಹಾಯೋ ರಾಜ್ಯದಲ್ಲಿ 1976ರಲ್ಲಿ ತೆರೆದ ರ್‍ಯಾಂಡಲ್ ಪಾರ್ಕ್ ಮಾಲು ತನ್ನ ಕಾಲಕ್ಕೆ ಲೋಕದಲ್ಲೇ ಅತಿ ದೊಡ್ಡದೆನ್ನಿಸಿಕೊಂಡಿತ್ತು. 2009ರಲ್ಲಿ ಮುಚ್ಚಿತು, ಆಮೇಲೆ ನೆಲಸಮವಾಯಿತು. ಅಲ್ಲೀಗ ಅಮೆಜಾನ್ ಕಂಪೆನಿಯ ಗೋದಾಮು ಎದ್ದಿದೆ. ಅಂಗಡಿಗೆ ಹೋಗದೆ ಮನೆಗೇ ಸಾಮಾನು ತರಿಸಿಕೊಳ್ಳುವ ವ್ಯಾಪಾರ ಅಂಗಡಿಯ ಗೋರಿಯ ಮೇಲೆಯೇ ಮನೆ ಕಟ್ಟಿತೆನ್ನಬೇಕು.

ಒಳಗೆ ಬೇಸಾಯ ಮಾಡಬಹುದೇ?

ಕೃಷಿಕರಾದ ನಿಮಗೆ ಈ ಪ್ರಶ್ನೆ ಆಗಲೇ ಬಂದಿರಬೇಕು. ಅಷ್ಟು ದೊಡ್ಡ ಸೂರು, ಮಳೆಗಾಳಿಯ ಕಾಟವಿಲ್ಲ, ಹಂದಿ, ಮಂಗಗಳ ಹಾವಳಿಯಿಲ್ಲ. ಬೆಳೆಯೇಕೆ ತೆಗೆಯಬಾರದು?

ಪ್ರಯತ್ನ ನಡೆದಿದೆ. ಕ್ಲೀವ್‌ಲ್ಯಾಂಡ್ ನಗರದ ಗ್ಯಾಲರಿಯಾ ಎಂಬ ಮಾಲಿನ ಸೂರು ಗಾಜಿನದು. ವ್ಯಾಪಾರ ಇಳಿಮುಖವಾದಾಗ ಆ ಗಾಜಿನ ಕೆಳಗೆ ಮಣ್ಣಿಲ್ಲದೆ ನೀರಿನಲ್ಲಿ ಸೊಪ್ಪು ತರಕಾರಿ ಬೆಳೆದು ಅಲ್ಲಿಯೇ ಮಾರುವ ಏರ್ಪಾಡು ಮಾಡಿದ್ದರು. ಗಾಜಿನ ಸೂರಿದ್ದುದರಿಂದ ಅದು ಸಾಧ್ಯವಾಯಿತು. ವಾಲ್‌ಮಾರ್ಟಿನಂಥ ಡಬ್ಬಿ ಕಟ್ಟಡದಲ್ಲಿ ಬಿಸಿಲೇ ಇಲ್ಲ. ನಡುಹಗಲ ಬಿಸಿಲಿನ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ ಇದ್ದರೆ, ಅಂಗಡಿಯ ದೀಪಗಳು ಕೊಡುವುದು ಐನೂರರಿಂದ ಸಾವಿರ. ನಮ್ಮ ಕಣ್ಣಿಗೆ ಅದು ಝಗಮಗ, ಗಿಡಕ್ಕೆ ಕತ್ತಲೆ. ಹೆಚ್ಚಿನ ದೀಪ ಹಾಕಬೇಕು, ದೀಪದ ಕಾವನ್ನು ಹೊರಹಾಕಲು ಶೈತ್ಯಯಂತ್ರ ಓಡಿಸಬೇಕು. ವಿದ್ಯುತ್ ಬಿಲ್ಲೇ ಬೆಳೆಯನ್ನು ತಿಂದುಹಾಕುತ್ತದೆ. ಬೇಗ ಕೊಯ್ಲಿಗೆ ಬಂದು ದುಬಾರಿ ಬೆಲೆಗೆ ಮಾರುವ ಎಳೆಯ ಸೊಪ್ಪಿಗೆ ಮಾತ್ರ ಲೆಕ್ಕ ಕೂಡೀತು. ರಾಗಿ, ಗೋಧಿಗೆ ಕನಸಿನಲ್ಲೂ ಕೂಡದು. ದೊಡ್ಡ ಬಂಡವಾಳದೊಂದಿಗೆ ಕಟ್ಟಡದೊಳಗೆ ಸೊಪ್ಪು ಬೆಳೆಯಹೊರಟ ಏರೋಫಾರ್ಮ್ಸ್ ಕಂಪೆನಿ 2023ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಬೌರಿ ಎಂಬ ಇನ್ನೊಂದು 2024ರಲ್ಲಿ ಮುಚ್ಚಿಯೇಹೋಯಿತು.

ಬಿಸಿಲು ಬೇಡದ ಬೆಳೆ ಅಣಬೆ. ಇದು ನಮಗೂ ಹೊಂದುವ ಮಾತು. ಊರಿನಲ್ಲಿ ಬಳಕೆಯಿಲ್ಲದ ಗೋದಾಮೋ ಮುಚ್ಚಿದ ರೇಷ್ಮೆ ಸಾಕಣೆ ಮನೆಯೋ ಇದ್ದರೆ ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಯಲು ಅಡ್ಡಿಯಿಲ್ಲ. ಉಷ್ಣಾಂಶ 20ರಿಂದ 30 ಡಿಗ್ರಿ, ಗಾಳಿಯಲ್ಲಿ ತೇವ ಶೇಕಡಾ 80ರ ಮೇಲೆ ಇರಬೇಕು. ಗಾಳಿಯಾಟವನ್ನು ಮರೆಯಬೇಡಿ. ಅಣಬೆಯ ಬೀಜಕಣ ಗಾಳಿಯಲ್ಲಿ ತುಂಬಿಕೊಂಡರೆ ಒಳಗೆ ದುಡಿಯುವವರಿಗೆ ಕೆಮ್ಮು, ಉಬ್ಬಸ ಹಿಡಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆಗೇ ಒಂದು ವಿಭಾಗವಿದೆ.

ಸೂರಿನ ಇನ್ನೊಂದು ಬಳಕೆ ನೀರು. ಮೊದಲು ಹೇಳಿದ ನಾಲ್ಕು ಎಕರೆ ಐದು ಗುಂಟೆಯ ಸೂರಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು ನೀರು. ಅದು ಚರಂಡಿಗೆ ಹೋಗಿ ಪಕ್ಕದವರ ಹೊಲ ಕೊಚ್ಚುತ್ತದೆಯೋ ಹೊಂಡಕ್ಕೆ ಹೋಗುತ್ತದೆಯೋ ಎಂಬುದನ್ನು ಕಟ್ಟುವ ಮುನ್ನವೇ ತೀರ್ಮಾನಿಸಬೇಕು. ನಿಮ್ಮ ನೆರೆಯಲ್ಲಿ ಇಂಥದ್ದೊಂದು ಏಳುತ್ತಿದ್ದರೆ ನೀವು ಮೊದಲು ಕೇಳಬೇಕಾದ ಪ್ರಶ್ನೆ ಇದು.

ಗುತ್ತಿಗೆ ಕೊಡುವವರು ನೋಡಬೇಕಾದ್ದು

ನಮ್ಮಲ್ಲಿ ಕೃಷಿ ಜಮೀನನ್ನು ಬೇರೆ ಬಳಕೆಗೆ ಕೊಡಬೇಕಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 95ನೇ ಪ್ರಕರಣದಂತೆ ಪರಿವರ್ತನೆ ಆಗಬೇಕು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಬಿಳಿ ಹಾಳೆಯ ಕರಾರು ಮುಂದೆ ಕೈಕೊಡುತ್ತದೆ. ಇಷ್ಟು ಎಲ್ಲರೂ ಹೇಳುತ್ತಾರೆ. ಅಮೆರಿಕದ ಊರುಗಳ ಅನುಭವದಿಂದ ಕಲಿಯಬೇಕಾದ್ದು ಬೇರೆ: ಅಂಗಡಿಯವನು ಬರುವ ದಿನದ ಷರತ್ತಿಗಿಂತ ಹೋಗುವ ದಿನದ ಷರತ್ತು ಮುಖ್ಯ. ಅವಧಿಗೆ ಮೊದಲೇ ಬೀಗ ಹಾಕಿದರೆ ಎಷ್ಟು ತಿಂಗಳೊಳಗೆ ಕೀಲಿಕೈ ನಿಮಗೆ ಬರಬೇಕು? ಮುಂದೆ ಅಲ್ಲಿ ಯಾರಿಗೆ ಬೇಕಾದರೂ, ಅದೇ ವ್ಯಾಪಾರದವರಿಗೂ, ಕೊಡುವ ಹಕ್ಕು ನಿಮಗಿದೆಯೇ? ಕಟ್ಟಡ ನಿಮ್ಮದಾಗುತ್ತದೆಯೋ ಕಿತ್ತೊಯ್ಯುತ್ತಾರೋ? ಕಿತ್ತೊಯ್ದರೆ ಕಾಂಕ್ರೀಟಿನ ನೆಲವನ್ನು ಅಗೆದು ಸಾಗಿಸುವ ಖರ್ಚು ಯಾರದು? ತಗಡು ಮತ್ತು ಕಬ್ಬಿಣವನ್ನು ಗುಜರಿಗೆ ಹಾಕಿದರೆ ಹಣ ಬರುತ್ತದೆ, ಅದನ್ನು ಒಯ್ಯಲು ಯಾರಾದರೂ ಬರುತ್ತಾರೆ. ಕಾಂಕ್ರೀಟು ಮಾತ್ರ ನಿಮ್ಮ ಹೊಲದಲ್ಲೇ ಉಳಿಯುತ್ತದೆ.

ಕಟ್ಟಡ ಉಳಿಯುವುದಾದರೆ ಅದರ ಮುಂದಿನ ಬಾಳಿನ ಯೋಚನೆಯನ್ನೂ ಈಗಲೇ ಮಾಡಿಸಿ. ಎತ್ತರದಲ್ಲಿ ಬೆಳಕಿಂಡಿ, ಎದುರುಬದುರು ಗಾಳಿಗಿಂಡಿ, ಹಿಂದೆ ಲಾರಿ ನಿಲ್ಲಿಸಿ ಮೂಟೆ ಇಳಿಸುವ ಕಟ್ಟೆ, ತೇವ ಏರದ ನೆಲ. ಇಷ್ಟಿದ್ದರೆ ಅಂಗಡಿ ಹೋದ ಮೇಲೆ ಅದು ಉಗ್ರಾಣವಾದೀತು. 2007ರ ಉಗ್ರಾಣ ಕಾಯಿದೆಯಂತೆ ನೋಂದಣಿ ಪಡೆದ ಗೋದಾಮಿನಲ್ಲಿ ಧಾನ್ಯವಿಟ್ಟ ರೈತ ಅದರ ರಸೀತಿಯನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆಯಬಹುದು. ಬೆಳಕಿಂಡಿಯಿಲ್ಲದ ಡಬ್ಬಿಗೆ ಆಮೇಲೆ ಕಿಂಡಿ ಕೊರೆಯುವುದು ಎಷ್ಟು ಕಷ್ಟವೆಂದು ಬರ್ಲಿಂಗ್ಟನ್ನಿನ ಮೇಷ್ಟ್ರುಗಳನ್ನು ಕೇಳಬೇಕು.

ಕಡೆಯದಾಗಿ ಮಣ್ಣು. ಪಾಯದ ಕೆಳಗೆ ಹೋದ ಮೇಲ್ಮಣ್ಣು ಹಿಂದಿರುಗಿ ಬಾರದು. ರೋಲರು ಹೊಡೆದು ಗಟ್ಟಿಯಾದ ನೆಲ ಮತ್ತೆ ನೇಗಿಲಿಗೆ ಬಗ್ಗಲು ಎಷ್ಟೋ ವರ್ಷ ಬೇಕು. ಅರ್ಧ ಎಕರೆಯಲ್ಲಿ ಅರ್ಧ ಅಡಿ ಮೇಲ್ಮಣ್ಣು ಎಂದರೆ ಸುಮಾರು 10,900 ಘನ ಅಡಿ. ನೂರು ಘನ ಅಡಿಯ ಟ್ರೇಲರಿನಲ್ಲಿ ನೂರೊಂಬತ್ತು ಲೋಡು. ಕಂಟ್ರಾಕ್ಟರನಿಗೆ ಅದು ಕಸ, ಎಲ್ಲಿಯಾದರೂ ಸುರಿದು ಬರುತ್ತಾನೆ. ಅದನ್ನು ನಿಮ್ಮ ಉಳಿದ ಹೊಲಕ್ಕೆ ಹರಡಿಕೊಡಬೇಕೆಂದು ಕರಾರಿನಲ್ಲಿ ಒಂದು ಸಾಲು ಬರೆಸಿ, ಜೆ.ಸಿ.ಬಿ. ಬರುವ ಮುನ್ನ.